ಇಬ್ಬರೇ ಕೂರುವ ಕಾರಿಗೆ ಯಾವ ಆಯಿಲ್?

ಹೋದ ತಿಂಗಳು ನಮ್ಮ ಮಾಮಾ ಸ್ಪೋರ್ಟ್ಸ್ ಕಾರಿಗೆಂದು ಒಂದು ಡಬ್ಬಿ ಸಿಂಥೆಟಿಕ್ ಇಂಜಿನ್ ಆಯಿಲ್ ತಂದರು. ಮುಚ್ಚಳ ತೆಗೆದರು. ಕಾರಿಗೆ ಹಾಕಲಿಲ್ಲ. ಸೆಂಟ್ರಿಂಗ್ ತಗಡಿಗೆ ಬಳಿದು ನೋಡಿದರು.

ಸೆಂಟ್ರಿಂಗ್ ತಗಡು ಗೊತ್ತಲ್ಲ? ಮನೆಗೆ ಸ್ಲ್ಯಾಬ್ ಹಾಕುವಾಗ ಹಸಿ ಕಾಂಕ್ರೀಟನ್ನು ಹೊತ್ತು ನಿಲ್ಲುವ ಕಬ್ಬಿಣದ ತಗಡು. ಕಾಂಕ್ರೀಟು ಅಂಟಿಕೊಳ್ಳದಿರಲಿ ಅಂತ ಅದಕ್ಕೆ ಗಾಡಿಗಳಿಂದ ಇಳಿಸಿದ ಸುಟ್ಟ ಆಯಿಲ್ ಬಳಿಯುತ್ತಾರೆ. ಮಾಮಾ ಕಟ್ಟಡದ ಕಾಂಟ್ರ್ಯಾಕ್ಟರು. ಇಂಜಿನ್ ಆಯಿಲ್ ಅಂದರೆ ಅವರಿಗೆ ಮೊದಲು ನೆನಪಾಗುವುದು ಇಂಜಿನ್ ಅಲ್ಲ, ತಗಡು.

ತಗಡನ್ನು ಗೋಡೆಗೆ ಒರಗಿಸಿದರು. ಜೇನಿನ ಬಣ್ಣದ ಆಯಿಲ್ ಸರಸರ ಹರಿದು ನೆಲ ಸೇರಿತು. ಪಕ್ಕದ ತಗಡಿಗೆ ತಮ್ಮ ಡೀಸೆಲ್ ಜೀಪಿನ ದಪ್ಪ ಆಯಿಲ್ ಬಳಿದರು. ಅದು ನಿಂತಿತು.

"ನೋಡಿದೇನು?" ಅಂದರು. "ತಗಡಿಗೇ ನಿಲ್ಲಲಾರದ್ದು ಇಂಜಿನ್ನಾಗ ಏನ್ ನಿಂತೀತು?"

(ಮಾಮಾ ಅಂದರೆ ನನ್ನ ಅಕ್ಕನ ಗಂಡ. ನಮ್ಮ ಆಳಂದದ ಕಡೆ ಭಾವನನ್ನು ಹಾಗೇ ಕರೆಯುವುದು. ಅವರು ಪುಣೆಗೆ ಬಂದದ್ದು ಇಟ್ಟಂಗಿ ಹೊರಲು. ಈಗ ಇಟ್ಟಂಗಿ ಹೊರುವವರನ್ನು ಕರೆತರುತ್ತಾರೆ. ಸದಾಶಿವ ಪೇಠದಲ್ಲಿ ಟ್ಯೂಷನ್ ಹೇಳಿ ಬದುಕುವ ನಾನು ಅವರ ಪಾಲಿಗೆ ಮನೆತನದ ವಿದ್ಯಾವಂತ. ಹೀಗಾಗಿ ಆಯಿಲ್ ಕಮಿಟಿಗೆ ನಾನೂ ಮೆಂಬರು.)

ಕಾಂಟ್ರ್ಯಾಕ್ಟರರ ಮನೆಗೆ ಸ್ಪೋರ್ಟ್ಸ್ ಕಾರು ಹೇಗೆ ಬಂತು ಅಂತೀರಾ? ದೇಹೂ ರೋಡಿನ ಮಿಲಿಟರಿ ಅಧಿಕಾರಿಯೊಬ್ಬರಿಗೆ ವರ್ಗವಾಗಿತ್ತು. ಅವರ ಜೀಪು ಮಾರಾಟಕ್ಕಿದೆಯೆಂದು ಮಾಮಾ ನೋಡಲು ಹೋದರು. ಜೊತೆಗೆ ಅಕ್ಕ. ಜೊತೆಗೆ ಮುಕಾದಮ ಶರಣಪ್ಪ. (ಕೂಲಿಯವರ ಮೇಲ್ವಿಚಾರಣೆ ಶರಣಪ್ಪನ ಕೆಲಸ. ಸ್ನಾನದ ಮನೆಯೊಂದನ್ನು ಬಿಟ್ಟು ಮಾಮಾ ಅವನಿಲ್ಲದೆ ಎಲ್ಲಿಗೂ ಹೋಗುವುದಿಲ್ಲ.)

ಜೀಪಿನ ಬಾಜೂಕೆ ಕೆಂಪು ಬಣ್ಣದ, ತೀರಾ ತಗ್ಗಾದ ಒಂದು ಫಾರಿನ್ ಕಾರು ನಿಂತಿತ್ತು. ಮೇಲಿನ ಟಾಪು ಮಡಚಬಹುದು. ಅಕ್ಕ ಅದರ ಸುತ್ತ ಒಂದು ಸುತ್ತು ಬಂದಳು. ಒಳಗೆ ಇಣುಕಿದಳು. ಹಿಂದೆ ಸೀಟಿಲ್ಲವೇ ಅಂತ ಅಧಿಕಾರಿಯನ್ನು ಕೇಳಿದಳು. ಇಲ್ಲ, ಇಬ್ಬರು ಮಾತ್ರ ಕೂರಬಹುದು ಅಂತ ಅವರು ತುಸು ಸಂಕೋಚದಿಂದಲೇ ಹೇಳಿದರು.

ಅಕ್ಕ ಮಾಮಾ ಕಡೆ ತಿರುಗಿದಳು. "ಇದನ್ನ ತಗೋಳ್ರಿ."

ಲಗ್ನವಾದಾಗಿನಿಂದ ಅಕ್ಕ ಬಾಯಿಬಿಟ್ಟು ಏನನ್ನೂ ಬೇಡಿದವಳಲ್ಲ. ಮಾಮಾ ಗಾಬರಿಯಲ್ಲಿ ಹೂಂ ಅಂದುಬಿಟ್ಟರು.

ಯಾಕೆ ಬೇಕಾಗಿತ್ತು ಅಂತ ಆಮೇಲೆ ನಾನು ಕೇಳಿದೆ. "ಲಾರಿಯಾಗ ಕುಂತೀನಿ, ಸಿಮೆಂಟ್ ಚೀಲದ ಮ್ಯಾಲ," ಅಂದಳು ಅಕ್ಕ. "ಟೆಂಪೋದಾಗ ಕುಂತೀನಿ, ನೀರಿನ ಟಾಕಿ ಹಿಡ್ಕೊಂಡು. ಜೀಪ್ ಬಂತು. ಅತ್ತಿ ಮುಂದ, ನಾ ಹಿಂದ. ಅತ್ತಿ ತೀರಿಕೊಂಡ್ರು, ಆ ಜಾಗಾಕ್ಕ ಶರಣಪ್ಪ ಬಂದ. ನಿಮ್ಮ ಮಾಮಾನ ಬಾಜೂಕ ನಾ ಒಬ್ಬಾಕೀನೇ ಕುಂತು ಒಂದ್ ಊರಿಗೆ ಹೋಗಿಲ್ಲೋ ತಮ್ಮಾ. ಒಮ್ಮೆ ಹೋಗ್ಬೇಕು. ಖಂಡಾಳಾ ತನಕರ."

ಕೇಳಿದ್ದು ಲೋಣಾವಳಾ ದಾಟಿದರೆ ಸಿಗುವ ಗಿರಿಧಾಮ ಖಂಡಾಳ. ಕಾಶಿಯಲ್ಲ. ಹೊಸ ಎಕ್ಸ್‌ಪ್ರೆಸ್ ವೇ ಆದಮೇಲೆ ಅದೇನು ದೊಡ್ಡ ದೂರವೂ ಅಲ್ಲ.

ಆದರೆ ಅಷ್ಟು ದೂರ ಹೋಗುವ ಮೊದಲು ಆಯಿಲ್ ಬದಲಿಸಬೇಕಲ್ಲ? ಅಲ್ಲಿಗೆ ಗಾಡಿ ನಿಂತಿತು.

ಕಾರಿನ ಜೊತೆ ಬಂದ ಪುಸ್ತಕದಲ್ಲಿ ಸಾಫ್ ಬರೆದಿದೆ: ಸಿಂಥೆಟಿಕ್, ಫೈವ್ ಡಬ್ಲ್ಯೂ ಫಾರ್ಟಿ. ಮಾಮಾ ಜೀಪಿಗೆ ಹಾಕುವುದು ಟ್ವೆಂಟಿ ಡಬ್ಲ್ಯೂ ಫಿಫ್ಟಿ. ಮೊದಲಿನ ಅಂಕಿ ಇಂಜಿನ್ ತಣ್ಣಗಿದ್ದಾಗ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತದೆ ಅಂತ ಹೇಳುತ್ತದೆ. ಸಣ್ಣದಿದ್ದಷ್ಟೂ ಒಳ್ಳೆಯದು, ಚಾಲೂ ಮಾಡಿದ ಕೂಡಲೇ ಎಲ್ಲ ಕಡೆ ಮುಟ್ಟುತ್ತದೆ. ಎರಡನೆಯದು ಕಾದಾಗ ಎಷ್ಟು ದಪ್ಪ ಉಳಿಯುತ್ತದೆ ಅನ್ನುವುದಕ್ಕೆ. ಜೋರಾಗಿ ತಿರುಗುವ ಇಂಜಿನ್ನಿನ ಕಾವನ್ನು ಸಿಂಥೆಟಿಕ್ ಚೆನ್ನಾಗಿ ತಡೆಯುತ್ತದೆ. ಅಂದರೆ ತೆಳ್ಳಗಿರುವುದು ಅದರ ಕೊರತೆಯಲ್ಲ, ಅದರ ಕೆಲಸ. ಪುಸ್ತಕ ಓದಿ, ಡಬ್ಬಿ ಓದಿ, ಎರಡೂ ಹೊಂದಿದರೆ ಸುರಿಯುವುದು. ಸುಲಭವಲ್ಲವೇ? ಆದರೆ ಗಾಡಿಯ ಪುಸ್ತಕ ಓದಿದವರನ್ನು ನಮ್ಮಲ್ಲಿ ನೀವು ಯಾರನ್ನಾದರೂ ನೋಡಿದ್ದೀರಾ? ಅದನ್ನು ಪ್ಲಾಸ್ಟಿಕ್ ಕವರಿನಿಂದ ತೆಗೆದರೆ ಮರ್ಯಾದೆ ಹೋಗುತ್ತದೆ.

ಬದಲಿಗೆ ಮಾಮಾ ಜನರನ್ನು ಕೇಳಿದರು. ಗ್ಯಾರೇಜಿನವನು ದಪ್ಪ ಆಯಿಲ್ಲೇ ಇರಲಿ ಅಂದ; ಅವನ ಬಳಿ ಅದರ ಸ್ಟಾಕ್ ಇತ್ತು. ಮೇಲಿನ ಫ್ಲ್ಯಾಟಿನ ಕಾಕಾ ತಮ್ಮ ಮೊಪೆಡ್ಡಿಗೆ ಹಾಕುವುದನ್ನು ಸೂಚಿಸಿದರು. ಕುರಕುಂಭದ ಕೆಮಿಕಲ್ ಫ್ಯಾಕ್ಟರಿಯಲ್ಲಿರುವ ಬೀಗರು "ಸಿಂಥೆಟಿಕ್ ಅಂದ್ರ ಕೆಮಿಕಲ್ ಅದ್ರಿ, ಹುಷಾರ್" ಅಂತ ಎಚ್ಚರಿಸಿದರು. ಬೀಗರು ಉಣ್ಣುವುದು ಆ ಕೆಮಿಕಲ್ಲಿನ ಅನ್ನವನ್ನೇ.

ಪ್ರತಿ ರವಿವಾರ ಅಕ್ಕ ನಸುಕಿನಲ್ಲೆದ್ದು ರೊಟ್ಟಿ ಬಡಿದು, ಪುಂಡಿಪಲ್ಲೆ, ಶೇಂಗಾಹಿಂಡಿ ಕಟ್ಟಿ, ಒಳ್ಳೆ ಸೀರೆ ಉಟ್ಟು ಕೂರುವಳು. ಮಾಮಾ ಚಹಾ ಕುಡಿದು, "ಆಯಿಲ್ ಇನ್ನಾ ಫೈನಲ್ ಆಗಿಲ್ಲ" ಅನ್ನುವರು. ಬುತ್ತಿ ಮನೆಯಲ್ಲೇ ಬಿಚ್ಚುವುದು. ಶರಣಪ್ಪನಿಗೂ ಒಂದು ತಾಟು.

ಒಂದು ರವಿವಾರ ನಾನು ಹೋದಾಗ ರೊಟ್ಟಿಯ ಸಪ್ಪಳವಿಲ್ಲ. ಅಕ್ಕ ಹಳೆ ಸೀರೆಯಲ್ಲೇ ಇದ್ದಳು. ಅನ್ನ ಬಡಿಸುತ್ತ, "ಕಾರು ಮಾರಿಬಿಡ್ರಿ," ಅಂದಳು. ಸಿಟ್ಟಿಲ್ಲ, ಅಳುವಿಲ್ಲ. ಉಪ್ಪು ಬೇಕೇನ್ರಿ ಅಂತ ಕೇಳಿದ ದನಿ. ನನಗೆ ಮಾಮಾ ಮೇಲೆ ಸಿಟ್ಟು ನೆತ್ತಿಗೇರಿತು.

ಮೊದಲಿನ ಡಬ್ಬಿ ತಗಡುಗಳಿಗೇ ಖರ್ಚಾಗಿತ್ತು. ಮರುದಿನ ಅವರನ್ನು ಸ್ಕೂಟರ್ ಮೇಲೆ ಕೂರಿಸಿಕೊಂಡು ನಮ್ಮ ಪೇಠದ ಆಯಿಲ್ ಅಂಗಡಿಗೆ ಎಳೆದೊಯ್ದೆ. ಬಾಗಿಲಲ್ಲೇ ಮರಾಠಿ ಬೋರ್ಡು: 'ಇಲ್ಲಿ ಆಯಿಲ್ ಸಿಗುತ್ತದೆ, ಸಲಹೆ ಸಿಗುವುದಿಲ್ಲ.' (ನಮ್ಮ ಪೇಠದಲ್ಲಿ ಗಿರಾಕಿಯನ್ನು ಬೈಯುವ ಕೆಲಸ ಬೋರ್ಡಿನದು. ಮಾಲೀಕರಿಗೆ ಶ್ರಮವಿಲ್ಲ.) ಪುಸ್ತಕದ ಪುಟ ತೋರಿಸಿದೆ. ಮಾಲೀಕರು ಫೈವ್ ಡಬ್ಲ್ಯೂ ಫಾರ್ಟಿ ಡಬ್ಬಿ ತೆಗೆದು ಕಟ್ಟೆಯ ಮೇಲೆ ಕುಕ್ಕಿದರು. ಇಬ್ಬರೇ ಕೂರುವ ಗಾಡಿ ಅಂತ ಪುಟದ ಚಿತ್ರದಲ್ಲಿ ಕಂಡಿರಬೇಕು, ಯಾರು ಯಾರು ಹೋಗುವುದು ಅಂತ ಕೇಳಿದರು.

ಮಾಮಾ ಡಬ್ಬಿಯನ್ನು ಕೈಗೆತ್ತಿಕೊಂಡು ಅತ್ತಿತ್ತ ತಿರುಗಿಸಿದರು. ಆಮೇಲೆ, "ನಾನು, ಮತ್ತ ನಮ್ಮ ಮನೆಯಾಕಿ," ಅಂತ ಕನ್ನಡದಲ್ಲೇ ಹೇಳಿದರು. ಮಾಲೀಕರಿಗೆ ಕನ್ನಡ ಬಾರದು. ಮಾಮಾ ಮರಾಠಿಯಲ್ಲಿ ಮತ್ತೊಮ್ಮೆ ಹೇಳಲಿಲ್ಲ.

ಹೊರಗೆ ಬಂದು ಡಬ್ಬಿಯನ್ನು ಎದೆಗೆ ಅವುಚಿಕೊಂಡು ನಿಂತರು. "ಆಯಿಲ್ ಯಾವುದಾದ್ರೂ ಹಾಕೋಣ ಬಿಡು," ಅಂದರು. "ತಮ್ಮಾ, ಇಬ್ರೇ ಕುಂತು ಅಷ್ಟ್ ದೂರ ಏನ್ ಮಾತಾಡೂದೋ?"

ನಗು ಬಂತು. ಅವರ ಮುಖ ನೋಡಿ ನುಂಗಿಕೊಂಡೆ. ಹತ್ತಾರು ಅಂತಸ್ತಿನ ಕಟ್ಟಡಕ್ಕೆ ಹೆದರದ ಮನುಷ್ಯ ನಿಜವಾಗಿಯೂ ಹೆದರಿದ್ದರು.

ನೀವೇ ಹೇಳಿ, ನಮ್ಮ ಎಷ್ಟು ಮನೆಗಳಲ್ಲಿ ಗಂಡ ಹೆಂಡತಿ ನೇರವಾಗಿ ಮಾತಾಡುತ್ತಾರೆ? 'ಊಟಕ್ಕ ಬರ್ಬೇಕಂತ, ನಿಮ್ಮಪ್ಪಗ ಹೇಳು.' ನಿಮ್ಮಪ್ಪ ಅಲ್ಲೇ ಎರಡು ಮಾರು ದೂರದಲ್ಲಿ ಕೂತಿರುತ್ತಾನೆ. ಮಕ್ಕಳು ತಮ್ಮ ತಮ್ಮ ದಾರಿ ಹಿಡಿದ ಮೇಲೆ ಟಿವಿ ಇದೆ. ಕರೆಂಟ್ ಹೋದರೆ ಶರಣಪ್ಪ.

ಅಂತೂ ಆಯಿಲ್ ಬದಲಾಯಿತು. ಇಳಿಸಿದ ಕಪ್ಪು ಆಯಿಲ್ಲನ್ನು ಮಾಮಾ ಒಂದು ಹನಿ ಬಿಡದೆ ಕ್ಯಾನಿನಲ್ಲಿ ತುಂಬಿಸಿಕೊಂಡರು, ತಗಡಿಗೆ. ಆ ವಾರವೆಲ್ಲ ಅವರ ಮುಖದಲ್ಲಿ ಕಂಡ ಸಂತೋಷ ಅದೊಂದೇ.

ರವಿವಾರ ಅಕ್ಕ ಬುತ್ತಿ ತೊಡೆಯ ಮೇಲಿಟ್ಟುಕೊಂಡು ಕಾರಿನಲ್ಲಿ ಕೂತಳು. ಮಾಮಾ ಚಾಲೂ ಮಾಡಿದರು. ಆಗ ನೋಡುತ್ತೇನೆ, ಹಿಂದೆ ಶರಣಪ್ಪ ಮೋಟರ್ ಸೈಕಲ್ಲಿನ ಮೇಲೆ ತಯಾರಾಗಿ ನಿಂತಿದ್ದಾನೆ.

"ಅವ ಹಿಂದಿಂದ ಬರ್ತಾನ. ನೀನೂ ಕುಂದ್ರು," ಅಂದರು ಮಾಮಾ ನನಗೆ. "ದಾರ್ಯಾಗ ಏನರ ಆದ್ರ ಪುಸ್ತಕ ಓದ್ಲಿಕ್ಕೆ ಒಬ್ರು ಬೇಕು."

ನಾನು ಅಕ್ಕನ ಕಡೆ ನೋಡಿದೆ. ಅವಳು ಸೆರಗು ಸರಿಮಾಡಿಕೊಂಡಳು. ನನಗೋ ಆ ಬೈಕಿನ ಹಿಂದೆ ಕೂರಲು ನಾಚಿಕೆಯಾಯಿತು. ಆದರೂ ಕೂತೆ.

ಎಕ್ಸ್‌ಪ್ರೆಸ್ ವೇ ಬಾಯಿಗೆ ಬಂದೆವು. ಕೆಂಪು ಕಾರು ಒಳಗೆ ಹೋಯಿತು. ಗಾರ್ಡು ನಮ್ಮನ್ನು ತಡೆದು ಬೋರ್ಡು ತೋರಿಸಿದ: ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ಮುಂದೆ ಮಾಮಾ ಗಾಡಿ ನಿಧಾನ ಮಾಡಿ ಕತ್ತು ಉದ್ದ ಮಾಡಿ ಹಿಂದೆ ನೋಡಿದರು. ಅಕ್ಕ ತಿರುಗಲಿಲ್ಲ. ಕೈಯೆತ್ತಿ ಮುಂದಕ್ಕೆ ತೋರಿಸಿದಳು. ಕಾರು ಹೋಯಿತು.

"ಸಾಹೇಬ್ರು ಇನ್ನ ಏನ್ ಮಾಡ್ತಾರ್ರಿ?" ಅಂದ ಶರಣಪ್ಪ. ಅವನಿಗೆ ನಿಜಕ್ಕೂ ಚಿಂತೆಯಾಗಿತ್ತು. ಅವನಿಗೆ ಚಹಾ ಕುಡಿಸಿ ವಾಪಸ್ ಕರೆತಂದೆ.

ಸಂಜೆ ಅವರ ಮನೆಗೆ ಹೋದೆ. ಅಕ್ಕನ ಕೂದಲು ಗಾಳಿಗೆ ಕೆದರಿತ್ತು, ಬಾಚಿಕೊಂಡಿರಲಿಲ್ಲ. ಅಷ್ಟು ಚಂದ ಅವಳನ್ನು ನಾನು ನೋಡಿರಲಿಲ್ಲ. ಬೈಕ್ ಬಿಡುವುದಿಲ್ಲವೆಂದು ಮೊದಲೇ ಗೊತ್ತಿತ್ತೇ ಅಂತ ಮೆಲ್ಲಗೆ ಕೇಳಿದೆ.

"ಗೊತ್ತಿತ್ತು," ಅಂದಳು.

ಮಾಮಾ ಕುರ್ಚಿಯಲ್ಲಿ ದಣಿದು ಕೂತಿದ್ದರು. ಆಯಿಲ್ ಹೇಗಿದೆ ಅಂದೆ. "ಭಾಳ ಛಲೋ ಅದ. ಅಷ್ಟ್ ದೂರ ಓಡಿದ್ರೂ ಟೆಂಪರೇಚರ್ ಕಾಂಟಾ ಅಳಗಾಡ್ಲಿಲ್ಲ," ಅಂದರು.

"ದಾರ್ಯಾಗ ಏನ್ ಮಾತಾಡಿದ್ರಿ?"

ಉತ್ತರ ಕೊಟ್ಟದ್ದು ಅಕ್ಕ. "ಲೋಣಾವಳಾ ತನಕ ಇವರು ಆಯಿಲ್ ಬಗ್ಗೆ ಹೇಳಿದ್ರು. ಅಲ್ಲಿಗೆ ಇವರ ಮಾತು ಮುಗೀತು. ಆಮ್ಯಾಲ ನಾ ಸುರು ಮಾಡ್ದೆ." ಅಷ್ಟು ಹೇಳಿ ಒಳಗೆ ಹೋದಳು.

ಮುಂದಿನ ರವಿವಾರ ಮತ್ತೆ ಹೋಗುತ್ತೀರೇನು ಅಂತ ಮಾಮಾಗೆ ಕೇಳಿದೆ. ಅವರು ಅಡುಗೆಮನೆಯ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು.

"ಹೋಗ್ಲೇಬೇಕಲ್ಲೋ. ಆಕಿ ಮಾತು ಇನ್ನಾ ಲಗ್ನದ ವರ್ಷ ದಾಟಿಲ್ಲ."