ಕೊಬ್ಬರಿ ಗೋಡೌನಿನಲ್ಲಿ ಬೀಳೋದು ಕಲಿತಿದ್ದು

ಕಡೂರು ಬಸ್‌ಸ್ಟ್ಯಾಂಡಿನಲ್ಲಿ ಈಗಲೂ ಹಳೇ ಕಾಲದವರು ಯಾರಾದರೂ ಸಿಕ್ಕಿದರೆ ಬೆನ್ನು ತಟ್ಟುತ್ತಾರೆ. "ಏನ್ ಬೀಳ್ತಿದ್ದೆ ಕಣಯ್ಯ ನೀನು! ನಿನ್ ಥರ ಬೀಳೋರನ್ನ ನಾನಂತೂ ನೋಡ್ಲಿಲ್ಲ" ಅಂತಾರೆ. ಹೊಗಳಿಕೆ ಅಂತಲೇ ಹೇಳೋದು, ಪಾಪ. ನಾನು ಹಲ್ಲು ಕಿರಿದು ಬಸ್ಸು ಹತ್ತುತ್ತೇನೆ. ಯಗಟಿ ಬರೋವರೆಗೂ ಮೈ ಉರೀತಿರುತ್ತೆ.

ಎಂಬತ್ತರ ದಶಕದ ಶುರುವಿನ ಮಾತು. ನಾನು ಕಡೂರಿನಲ್ಲಿ ಪಿಯುಸಿ ಓದ್ತಿದ್ದೆ. ನಮ್ಮೂರು ಯಗಟಿ ಕಡೆಯದು. ಊರು ಅಂದರೆ ಊರಲ್ಲ, ಊರಾಚೆಯ ಹೊಲಗೇರಿ. ಆಗ ಮಿಲಿಟ್ರಿಯಿಂದ ರಿಟೈರಾಗಿ ಬಂದವರೊಬ್ಬರು ತಮ್ಮ ಭಾವನ ಕೊಬ್ಬರಿ ಗೋಡೌನಿನಲ್ಲಿ ಜೂಡೊ ಕಲಿಸೋಕೆ ಶುರು ಮಾಡಿದರು. ಜಪಾನಿನ ಕುಸ್ತಿಯಂತೆ, ಫೀಸಿಲ್ಲವಂತೆ, ಯಾರು ಬೇಕಾದರೂ ಬರಬಹುದಂತೆ ಅಂತ ಕಾಲೇಜಿನಲ್ಲಿ ಸುದ್ದಿಯಾಯ್ತು. ಯಾರು ಬೇಕಾದರೂ ಅನ್ನೋ ಮಾತನ್ನ ನಮ್ಮ ಕೇರಿಯವರು ಸುಲಭಕ್ಕೆ ನಂಬೋದಿಲ್ಲ. ನಾನು ನಂಬಿದೆ. ಹದಿನೇಳರ ಹುಂಬತನ.

ಆದರೆ ಮೇಷ್ಟ್ರು ಸುಳ್ಳು ಹೇಳಿರಲಿಲ್ಲ. ಹೋದ ದಿನ ಹೆಸರು ಕೇಳಿದರು, ಊರು ಕೇಳಿದರು, ಅಪ್ಪನ ಹೆಸರು ಕೇಳಿದರು. ನಾನು ಯಾವ ಕೇರಿಯವನು ಅಂತ ಅವರಿಗೆ ಅರ್ಥವಾಗಿತ್ತು. ಆಮೇಲೆ ಎಲ್ಲರಿಗೂ ಕೇಳೋ ಹಾಗೆ, "ಮಿಲಿಟ್ರಿಲಿ ಒಂದೇ ತಟ್ಟೇಲಿ ಉಂಡು ಬಂದೋನು ನಾನು. ಇಲ್ಲಿ ಅದೆಲ್ಲಾ ನಡಿಯಲ್ಲ ಕಣ್ರೋ" ಅಂದರು. ನನಗೆ ಅವರ ಕಾಲಿಗೆ ಬೀಳೋಣ ಅನ್ನಿಸಿತು. ಬಿದ್ದೆ ಕೂಡ.

ಜಪಾನಿನಲ್ಲಿ ಹುಲ್ಲಿನ ಹಾಸು ಇರುತ್ತಂತೆ. ನಮ್ಮಲ್ಲಿ ಗೋಣಿಚೀಲಕ್ಕೆ ತೆಂಗಿನ ನಾರು ತುಂಬಿ ಹೊಲಿದು, ಮೇಲೊಂದು ಜಮಖಾನ ಹಾಸಿದ್ದರು. ಬೆವತ ಮೈಗೆ ನಾರು ಚುಚ್ಚಿ ಮನೆಗೆ ಹೋದಮೇಲೂ ಕೆರೀತಾ ಕೂರ್ತಿದ್ದೆವು. ಅಂಗಿ ಮೈದಾ ಚೀಲದ್ದು. ಎಷ್ಟು ಒಗೆದರೂ ಬೆನ್ನ ಮೇಲಿನ ಮಿಲ್ಲಿನ ಅಚ್ಚು ಹೋಗ್ತಿರಲಿಲ್ಲ. ಸೊಂಟಕ್ಕೆ ಬಿಳೀ ಬೆಲ್ಟು. ಅದರ ಮೇಲಿನದು ಕಂದು ಬೆಲ್ಟು. ಅದಕ್ಕೆ ಬಣ್ಣ ಎಲ್ಲಿ ಸಿಗಬೇಕು? ಮೇಷ್ಟ್ರು ತರೀಕೆರೆಯಿಂದ ಅಡಿಕೆ ಬೇಯಿಸಿದ ಚೊಗರು ತರಿಸಿ, ಅದರಲ್ಲೇ ಬಟ್ಟೆ ಅದ್ದಿ ಒಣಗಿಸಿದ್ದರು. ಜನರೆದುರು ಎದುರಾಳೀನ ಎತ್ತಿ ಕೆಡವಿದವನಿಗೆ ಮಾತ್ರ ಆ ಬೆಲ್ಟು, ಅನ್ನೋದು ಅವರ ಕಾನೂನು.

ಭಾನುವಾರ ಬೆಳಿಗ್ಗೆ ಪ್ರಾಕ್ಟೀಸ್ ಮುಗಿದ ಮೇಲೆ ಎಲ್ಲರೂ ಸೇರಿ ಹಾಸು ಕೊಡವಿ ಬಿಸಿಲಿಗೆ ಹಾಕಿ, ಸಾಲಾಗಿ ಕೂತು ಮಂಡಕ್ಕಿ ತಿನ್ತಿದ್ದೆವು. ನೀರಿಗೆ ಒಂದೇ ಚೊಂಬು. ಮೇಷ್ಟ್ರ ಆರ್ಡರ್ ಅದು, ಇನ್ನೊಂದು ಚೊಂಬು ಗೋಡೌನಿಗೆ ಬರಕೂಡದು. ಹೇಗೂ ನಮ್ಮ ಕಡೆ ತುಟಿಗೆ ತಾಗಿಸದೆ ಎತ್ತಿ ಕುಡಿಯೋದೇ ರೂಢಿ. ಹಾಗಾಗಿ ನಾನು ಕುಡಿದ ಚೊಂಬನ್ನ ಯಾರೂ ಬೇಡ ಅನ್ನಬೇಕಾಗಿ ಬರಲಿಲ್ಲ. ಆ ರೂಢಿ ಎಲ್ಲರ ಮರ್ಯಾದೆ ಉಳಿಸಿತು.

ಜೂಡೊದಲ್ಲಿ ಮೊದಲು ಕಲಿಸೋದು ಬೀಳೋದನ್ನ. ಗದ್ದ ಎದೆಗೆ ಒತ್ತಿ, ಬೆನ್ನು ಬಾಗಿಸಿ, ನೆಲ ಮುಟ್ಟೋ ಹೊತ್ತಿಗೆ ಸರಿಯಾಗಿ ಅಂಗೈಯಿಂದ ಹಾಸನ್ನ ಫಟ್ ಅಂತ ಹೊಡೀಬೇಕು. ಏಟೆಲ್ಲ ಕೈಗೆ ಹೋಗಿ ಮೈಗೆ ತಾಗೋದಿಲ್ಲ. ನನಗೆ ಇದು ಬೇಗ ಹಿಡೀತು. ಮಂಡಿ ಸಾಹುಕಾರರ ಮಗ, ಅಂದರೆ ಗೋಡೌನ್ ಯಜಮಾನರ ಮಗ, ಮೇಷ್ಟ್ರಿಗೆ ಅಕ್ಕನ ಮಗ, ಆಳು ನನಗಿಂತ ಗೇಣುದ್ದ ಎತ್ತರ, ಬೀಳೋದು ಅಂದರೆ ಗಡಗಡ ನಡುಗ್ತಿದ್ದ. ಕೆಡವೋದು ಶುರುವಾದ ಮೇಲೆ ಎಲ್ಲರಿಗೂ ಜೋಡಿಗೆ ನಾನೇ ಬೇಕು. "ಲೇ, ಇವತ್ತು ನನ್ ಜೊತೆ ಬಾರೋ" ಅಂತ ಕಿತ್ತಾಡೋರು. ಮುಟ್ಟಿಸಿಕೊಳ್ಳದೆ ಬೆಳೆದ ನನ್ನನ್ನ ಕಾಲರ್ ಹಿಡಿದು ಎಳೆದಾಡ್ತಿದ್ದಾರೆ! ಎಂಥ ಹೆಮ್ಮೆ ನನಗೆ! ತರೀಕೆರೆಯ ಸ್ಕೂಲ್‌ ಡೇಯಲ್ಲಿ ಬಿದ್ದೆ, ಅಜ್ಜಂಪುರದಲ್ಲಿ ಬಿದ್ದೆ, ಚಪ್ಪಾಳೆ ಬಿದ್ದವು.

ಇನ್ನೊಂದು ವಿಷಯ ಗಮನಕ್ಕೆ ಬರೋಕೆ ತಿಂಗಳುಗಳೇ ಹಿಡಿದವು. ಕೆಡವೋ ಸರದಿ ನನಗೆ ಬಂದ ಕೂಡಲೇ ಜೋಡಿಯವನಿಗೆ ಬಾಯಾರಿಕೆ ಆಗ್ತಿತ್ತು. ಇಲ್ಲಾ ಬಸ್ಸಿಗೆ ಹೊತ್ತಾಗ್ತಿತ್ತು. ಸೊಂಟ ಹಿಡ್ಕೊಂಡಿರ್ತಿತ್ತು. ಮೇಷ್ಟ್ರು ಅದನ್ನೆಲ್ಲ ನೋಡಿ, ತಾವೇ ಬಂದು ನನ್ನೆದುರು ನಿಲ್ಲೋರು. "ಬಾ, ನನ್ನ ಕೆಡವು" ಅನ್ನೋರು. ಆ ದೊಡ್ಡ ಮನುಷ್ಯ ನನ್ನ ಸೊಂಟದ ಮೇಲಿಂದ ತಿರುಗಿ ದೊಪ್ಪಂತ ಬೀಳ್ತಿದ್ದರು, ಎದ್ದು ನಗ್ತಿದ್ದರು. ಗೋಡೌನಿನ ಬಾಗಿಲು ಮುಚ್ಚಿರ್ತಿತ್ತು ಅನ್ನೋದು ಆಗ ನನ್ನ ತಲೆಗೆ ಹೋಗಲಿಲ್ಲ.

ಆಗಸ್ಟ್ ಹದಿನೈದಕ್ಕೆ ಕಡೂರಿನ ಮೈದಾನದಲ್ಲಿ ನಮ್ಮ ಪ್ರದರ್ಶನ ಇಟ್ಟರು. "ಈ ಸಲ ಬೆಲ್ಟು ನಿಂದೇ ಕಣೋ. ಮೊದಲು ನಮ್ಮಕ್ಕನ ಮಗ ನಿನ್ನ ಕೆಡವ್ತಾನೆ, ಆಮೇಲೆ ನೀನು ಅವನ್ನ ಕೆಡವು" ಅಂದರು ಮೇಷ್ಟ್ರು. ನಾನು ಊರಿಗೆ ಓಡಿಹೋಗಿ ಅವ್ವನಿಗೆ ಹೇಳಿದೆ. ಜೂಡೊ ಅಂದರೆ ಅವಳಿಗೇನು ಗೊತ್ತು? "ಎಲ್ಲರೆದ್ರಿಗೆ ನಿಂಗೆ ಬೆಲ್ಟ್ ಕೊಡ್ತಾರಾ?" ಅಂದಳು. ಹೂಂ ಅಂದೆ. ಪಕ್ಕದ ಮನೆಯವಳ ಹಸಿರು ಸೀರೆ ಇಸ್ಕೊಂಡು, ಕೂಲಿ ಬಿಟ್ಟು, ಬೆಳಗಿನ ಬಸ್ಸಿಗೇ ಬಂದಳು. ಹಿಂದುಗಡೆ ಹೊಂಗೆ ಮರದ ಕೆಳಗೆ ನಿಂತಳು. ಮುಂದೆ ಬಾ ಅಂದರೆ ಬರಲಿಲ್ಲ.

ಬಾವುಟ ಹಾರಿತು, ಭಾಷಣ ಆಯ್ತು, ಹಾಸು ಹಾಸಿದೆವು. ಮುಂದಿನ ಸಾಲಿನ ಕುರ್ಚಿಯಲ್ಲಿ ಅಮಲ್ದಾರ್ರು, ಅಂದರೆ ತಹಶೀಲ್ದಾರ್ರು, ಅವರ ಪಕ್ಕ ಮಂಡಿ ಸಾಹುಕಾರರು. ಯಾರೋ ಬಗ್ಗಿ ಸಾಹುಕಾರರ ಕಿವಿಯಲ್ಲಿ ಏನೋ ಹೇಳಿದರು. ಅವರು ಮೇಷ್ಟ್ರನ್ನ ಬೆರಳು ಮಾಡಿ ಕರೆದರು. ರೇಗಲಿಲ್ಲ, ಕೂಗಲಿಲ್ಲ, ನಗ್ತಾನೇ ಮಾತಾಡಿದರು. ಮೇಷ್ಟ್ರು ವಾಪಸ್ ಬಂದಾಗ ಮುಖ ಸಪ್ಪಗಾಗಿತ್ತು.

"ಒಂದ್ ಕೆಲಸ ಮಾಡಪ್ಪ," ಅಂದರು ನನ್ನ ಮುಖ ನೋಡದೆ. "ಇವತ್ತು ಬಿದ್ಬಿಡು. ಬರೀ ಬೀಳು. ಬೆಲ್ಟು ನಾನು ಕೊಡ್ತೀನಿ."

"ಯಾಕೆ ಸಾರ್?"

"ಊರೆದ್ರಿಗೆ ಬೇಡ ಅಂತಾರೆ ಕಣೋ. ಗೋಡೌನ್ ಬೀಗ ಅವರ ಕೈಲಿದೆ."

ಶತ್ರುಗಳ ಗುಂಡಿಗೆ ಎದೆಯೊಡ್ಡಿ ಬಂದ ಮನುಷ್ಯ ಭಾವನ ಬೀಗಕ್ಕೆ ಹೆದರಿದರು. ನನಗೆ ಸಾಹುಕಾರರ ಮೇಲೆ ಅಷ್ಟು ಸಿಟ್ಟು ಬರಲಿಲ್ಲ. ಅಂಥವರನ್ನ ಹುಟ್ಟಿದಾಗಿಂದ ನೋಡಿದ್ದೆ. ಸಿಟ್ಟು ಬಂದಿದ್ದು ಮೇಷ್ಟ್ರ ಮೇಲೆ, ಆ ಸಿಟ್ಟು ಇವತ್ತಿಗೂ ಇಳಿದಿಲ್ಲ. ಆಗಲ್ಲ ಅಂತ ಹಾಸು ಬಿಟ್ಟು ಇಳಿದು ಹೋಗಬಹುದಿತ್ತು ಅನ್ನುತ್ತೀರಿ. ಆ ಸಾಹುಕಾರರ ತೋಟದಲ್ಲೇ ನಮ್ಮವ್ವ ಕಾಯಿ ಹೊರ್ತಿದ್ದಳು. ಈಗ ಹೇಳಿ.

ಸಾಹುಕಾರರ ಮಗ ಕಾಲರ್ ಹಿಡಿದು, "ಜೋರಾಗಿ ಬೀಳೋ, ಚೆನ್ನಾಗಿ ಕಾಣ್ಲಿ" ಅಂತ ಪಿಸುಗುಟ್ಟಿದ. ಬಿದ್ದೆ. ಫಟ್! ಜನ ಹೋ ಅಂದರು. ಎದ್ದೆ, ಮತ್ತೆ ಕೆಡವಿದ. ಫಟ್! ನಾನು ಅಷ್ಟು ಚೆನ್ನಾಗಿ ಹಿಂದೆಂದೂ ಬಿದ್ದಿರಲಿಲ್ಲ. ಸಿಟ್ಟನ್ನೆಲ್ಲ ಅಂಗೈಗೆ ತಂದು ಹಾಸಿನ ಮೇಲೆ ಬಡೀತಿದ್ದೆ. ಆ ಸದ್ದು ಹೊಂಗೆ ಮರದವರೆಗೂ ಹೋಗ್ತಿತ್ತು ಅನ್ನೋದು ನನಗೆ ಹೊಳೀಲಿಲ್ಲ.

ಇನ್ನೊಂದು ಸಲ ಎದ್ದು ನಿಂತೆ, ಅಷ್ಟರಲ್ಲಿ ಹಿಂದಿನಿಂದ ಜನರನ್ನ ತಳ್ಳಿಕೊಂಡು ಹಸಿರು ಸೀರೆ ಬಂತು. ಅವ್ವ ನನ್ನ ಹತ್ತಿರ ಬರಲಿಲ್ಲ. ನೆಟ್ಟಗೆ ಹೋಗಿ ಸಾಹುಕಾರರ ಕಾಲ ಮೇಲೆ ಬಿದ್ದಳು.

"ಬುಟ್ಬುಡಿ ಬುದ್ಧೀ! ಏನ್ ತಪ್ಪು ಮಾಡವ್ನೋ ಹೊಟ್ಟೆಗಾಕ್ಕಳಿ! ಒಬ್ನೇ ಮಗ ಬುದ್ಧೀ, ಸತ್ತೋಯ್ತನೆ! ಇನ್ನೊಂದ್ ದಪ ಈ ಕಡೆ ತಲೆ ಹಾಕಾಕಿಲ್ಲ ಅವ್ನು!"

ಮೊದಲು ಒಬ್ಬರು ನಕ್ಕರು, ಇನ್ನೊಬ್ಬರು ನಕ್ಕರು, ಮೈದಾನವೆಲ್ಲ ನಕ್ಕಿತು. ಅಮಲ್ದಾರ್ರು ಕರ್ಚೀಫು ಅಡ್ಡ ಹಿಡಿದು ನಕ್ಕರು. ಸಾಹುಕಾರರು ಬಹಳ ಒಳ್ಳೇತನದಿಂದಲೇ, "ಏಳವ್ವ, ಏಳು. ಹೊಡೀತಿಲ್ಲ ಕಣವ್ವ, ಇದು ಆಟ" ಅಂದರು. ಕಾಲು ಮಾತ್ರ ಹಿಂದಕ್ಕೆ ಎಳ್ಕೊಂಡರು. ನಾನು ಮೈದಾ ಚೀಲದ ಅಂಗಿಯಲ್ಲೇ ಅವ್ವನ ತೋಳು ಹಿಡಿದು ಬಸ್‌ಸ್ಟ್ಯಾಂಡಿಗೆ ಕರ್ಕೊಂಡು ಹೋದೆ. ದಾರಿಯುದ್ದ ಅವಳು ನನ್ನ ಬೆನ್ನು, ಪಕ್ಕೆ ಸವರಿ ನೋಡ್ತಿದ್ದಳು. "ಎಲ್ಲಿ ನೋಯ್ತದಪ್ಪಾ?" ಅಂತ ಕೇಳ್ತಿದ್ದಳು. ಎಲ್ಲೂ ನೋಯ್ತಿಲ್ಲ ಅಂದರೆ ನಂಬಲಿಲ್ಲ.

ಮುಂದಿನ ಭಾನುವಾರ ನಾನು ಗೋಡೌನಿಗೆ ಹೋಗಲಿಲ್ಲ. ಅದರಾಚೆ ಭಾನುವಾರ ಮೇಷ್ಟ್ರೇ ನಮ್ಮ ಕೇರಿಗೆ ಬಂದರು. ಕೇರಿಯೊಳಕ್ಕೇ ಬಂದರು, ಇಲ್ಲ ಅಂದರೆ ಪಾಪ ಬರುತ್ತೆ. ಅವ್ವ ಜಗಲಿ ಮೇಲೆ ಚಾಪೆ ಹಾಸಿದಳು, ಕೂತರು. ಪಕ್ಕದಲ್ಲಿ ಚೊಗರಿನ ಬೆಲ್ಟು ಸುತ್ತಿ ಇಟ್ಟರು. ಅವ್ವ ಚೊಂಬನ್ನ ಬೂದಿ ಹಾಕಿ ಉಜ್ಜಿ, ನೀರು ತಂದು ಕೊಟ್ಟಳು. ಮೇಷ್ಟ್ರು ಚೊಂಬನ್ನ ಕೈಯಲ್ಲಿ ಹಿಡಿದುಕೊಂಡೇ ಅವಳಿಗೆ ಬಿಡಿಸಿ ಹೇಳಿದರು.

"ಯಾರೂ ನಿನ್ನ ಮಗನ್ನ ಹೊಡೀಲಿಲ್ಲ ಕಣವ್ವ. ಅದು ಆಟ. ಒಬ್ಬ ಕೆಡವ್ತಾನೆ, ಒಬ್ಬ ಬೀಳ್ತಾನೆ. ಆಮೇಲೆ ಬಿದ್ದೋನು ಎದ್ದು, ಕೆಡವಿದೋನನ್ನ ಕೆಡವ್ತಾನೆ. ಸರದಿ ಪ್ರಕಾರ."

ಅವ್ವನ ಮುಖ ಅರಳಿತು. ಆ ಹದಿನೈದು ದಿನದಲ್ಲಿ ಅವಳು ನಕ್ಕಿದ್ದು ಅವತ್ತೇ.

"ಹಂಗಾ ಬುದ್ಧಿ? ಹಂಗಾರೆ ನನ್ ಮಗನ ಸರದಿ ಯಾವತ್ತು? ಒಂದ್ ಮಾತು ಹೇಳ್ಬುಡಿ, ಅವತ್ತೂ ಬತ್ತೀನಿ."

ಅವಳ ಮಾತಲ್ಲಿ ಕೊಂಕಿರಲಿಲ್ಲ. ನಿಜವಾಗಿಯೂ ದಿನ ಕೇಳ್ತಿದ್ದಳು. ಆ ಹಸಿರು ಸೀರೆ ಮತ್ತೆ ಇಸ್ಕೋಬೇಕಿತ್ತಲ್ಲ. ನಾನು ಬಾಗಿಲಿಗೆ ಒರಗಿ ಮೇಷ್ಟ್ರನ್ನೇ ನೋಡ್ತಾ ನಿಂತೆ. ಅವರು ಚೊಂಬು ಎತ್ತಿ ಬಾಯಿಗೆ ನೀರು ಸುರ್ಕೊಂಡರು. ನೀರು ಪೂರ್ತಿ ಮುಗಿಯೋವರೆಗೂ ಚೊಂಬು ಕೆಳಗಿಳಿಸಲಿಲ್ಲ.