ಮೂರು ಸಲ ಎದ್ದ ನೀರುಗಂಟಿ

೨೦೨೨ರ ಮುಂಗಾರಿನಲ್ಲಿ ನಾನು ಪಾಂಡವಪುರದಲ್ಲಿ, ನಾಲೆಗಳ ಮೇಲೆ ಕಣ್ಣಿಡುವ ಕಂಟ್ರೋಲ್ ರೂಮಿನ ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದೆ. ನೀರಿನ ಮಟ್ಟ ಅಳೆಯುವ ಸೆನ್ಸರ್, ಮಳೆ ಮಾಪಕ, ನಾಲೆ ಕಾಯುವ ನೀರುಗಂಟಿಗಳು ಫೋನಿನಲ್ಲಿ ಕಳಿಸುವ ಮಾತು, ಈ ಮೂರನ್ನೂ ಆ ಕ್ಷಣಕ್ಕೇ ಒಂದು ಪರದೆಗೆ ತರುವುದು ನನ್ನ ಕೆಲಸ. ಮೊದಲೆರಡು ಅಂಕಿ ಕಳಿಸುತ್ತವೆ, ತಕರಾರಿಲ್ಲ. ಮಾತನ್ನು ಮಾತ್ರ ಯಂತ್ರ ಅಕ್ಷರಕ್ಕಿಳಿಸಿ, ‘ಹರಿ’, ‘ಹೆಚ್ಚು’ ಮುಂತಾದ ಅಪಾಯದ ಪದ ಸಿಕ್ಕರೆ ಅಲರ್ಟ್ ಕೊಡುತ್ತಿತ್ತು. ಸಿಗದಿದ್ದರೆ ‘ಇತರೆ’ ಎಂಬ ಫೋಲ್ಡರಿಗೆ ತಳ್ಳುತ್ತಿತ್ತು. ಪದಪಟ್ಟಿ ಮಾಡಿದವಳು ನಾನೇ. ಅಪ್ಪಟ ಪುಸ್ತಕದ ಕನ್ನಡದಲ್ಲಿ, ಜಂಬದಿಂದ ಮಾಡಿದ್ದೆ.

ಆಗಸ್ಟಿನ ಒಂದು ಬೆಳಿಗ್ಗೆ ಚಿನಕುರಳಿ ಕಡೆಯ ನಾಲೆಯ ಏರಿ ಒಡೆಯಿತು. ಅಲ್ಲಿನ ಸೆನ್ಸರ್ ಎರಡು ದಿನದಿಂದ ಕೆಟ್ಟಿತ್ತು. ನಾಟಿ ಮಾಡಿ ವಾರವಾಗದ ಗದ್ದೆಗಳು ಕೊಚ್ಚಿಹೋದವು. ಆ ಭಾಗದ ನೀರುಗಂಟಿ ನಿಂಗಯ್ಯ ಇಪ್ಪತ್ತಾರು ವರ್ಷ ದಿನಗೂಲಿಯಲ್ಲೇ ದುಡಿದವರು. ಕೆಲಸ ಖಾಯಂ ಆಗುವ ಆದೇಶ ಬರುವುದರಲ್ಲಿತ್ತು. ಅಲರ್ಟ್ ಬಂದಿಲ್ಲ ಎಂದಮೇಲೆ ಆಸಾಮಿ ಮಲಗಿದ್ದ ಎಂದೇ ಎಲ್ಲರೂ ತೀರ್ಮಾನಿಸಿದರು.

ವಿಚಾರಣೆಗೆ ಬಂದ ನಿಂಗಯ್ಯ ಟವಲ್ಲು ಹಿಂಡುತ್ತ ನಿಂತರು. “ಮೂರ್ ದಪ ಏಳ್ದೆ ಸಾ. ಬಾಯಿ ಬಡ್ಕಂಡು ಏಳ್ದೆ.”

ನಮ್ಮ ಮೇಲಧಿಕಾರಿ ಹೊರಜಿಲ್ಲೆಯವರು. “ಮೂರು ಸಲ ಎದ್ರಾ? ಎದ್ದು ಮತ್ತೆ ಮಲಗಿದ್ರಾ?” ಎಂದರು.

ಕೋಣೆಯೆಲ್ಲ ನಕ್ಕಿತು. ನಾನೂ ನಕ್ಕೆ. ಇಲ್ಲೇ ಹತ್ತಿರದ ಕಿರಂಗೂರಿನವಳು ನಾನು, ‘ಹೇಳು’ ಎನ್ನಲು ‘ಏಳು’ ಎನ್ನುವ ತಾಯಿಯ ಮಗಳು. ಅಲರ್ಟ್ ಬಂದಿತ್ತೇ ಎಂದು ಕೇಳಿದಾಗ “ಇಲ್ಲ ಸಾರ್” ಎಂದೆ. ಅದೇನೂ ಸುಳ್ಳಲ್ಲ. ಸಂಜೆಯೊಳಗೆ ನಿಂಗಯ್ಯನವರನ್ನು ಕೆಲಸದಿಂದ ತೆಗೆದರು.

ನಕ್ಕದ್ದು ಮುಳ್ಳಾಗಿ ಚುಚ್ಚುತ್ತಿತ್ತು. ಎರಡು ದಿನದ ಮೇಲೆ ‘ಇತರೆ’ ಫೋಲ್ಡರ್ ತೆರೆದೆ. ಏರಿ ಒಡೆಯುವುದಕ್ಕೆ ಒಂದು ಗಂಟೆ ಮೊದಲಿನಿಂದ ಮೂರು ಸಲ ಅದೇ ದನಿ: “ನೀರು ಏರಿ ಮ್ಯಾಲೆ ಅರೀತಾ ಅದೆ. ಬಲು ಎಚ್ಚಾಗದೆ. ಗೇಟು ಇಳಿಸ್ರಪ್ಪೋ!” ಅವರಿಗೆ ಹಕಾರವಿಲ್ಲ, ನನ್ನ ಪಟ್ಟಿಗೆ ಹಕಾರವಿಲ್ಲದೆ ಗತಿಯಿಲ್ಲ.

ಅಧಿಕಾರಿಗೆ ಕೇಳಿಸಿದೆ. “ವಜಾ ಆದೇಶಕ್ಕೆ ಸಹಿ ಆಗಿದೆ. ಈಗ ಇದನ್ನ ಕೆದಕಿದ್ರೆ ತಪ್ಪು ನಿಮ್ಮ ಪಟ್ಟಿದಾಗುತ್ತೆ. ಯೋಚನೆ ಮಾಡಿ ಮೇಡಂ” ಎಂದರು. ಯೋಚನೆ ಮಾಡಿದೆ, ಮಾಡಬಾರದಿತ್ತು. ‘ಅರಿ’, ‘ಎಚ್ಚು’ ಎಂದು ಪಟ್ಟಿಗೆ ಸೇರಿಸಿ ಬಾಯಿ ಮುಚ್ಚಿಕೊಂಡೆ. ಆಮೇಲೆ ಕೆ.ಆರ್. ಪೇಟೆ, ನಾಗಮಂಗಲಕ್ಕೂ ವ್ಯವಸ್ಥೆ ಹಬ್ಬಿತು. ಹೊಸ ಊರಿಗೆ ಜೋಡಿಸುವಾಗಲೆಲ್ಲ ಪರೀಕ್ಷೆಗೆ ನಾವು ಹಾಕುವುದು ನಿಂಗಯ್ಯ ಕಳಿಸಿದ್ದ ಆ ಮೂರು ಮಾತುಗಳನ್ನೇ. ಪ್ರತಿಸಲವೂ ಅಲರ್ಟ್ ಬರುತ್ತದೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ.

ಹೋದ ವರ್ಷ ಶ್ರೀರಂಗಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ನಿಂಗಯ್ಯ ಸಿಕ್ಕರು. ಕಡಲೆಕಾಯಿ ಮಾರುತ್ತಿದ್ದರು. ಗುರುತು ಹಿಡಿದು ಕೇಳಿದರು: “ನಾ ಏಳಿದ್ದು ಆ ಮಿಸನ್ನಿಗೆ ಕೇಳ್ಲೇ ಇಲ್ವಾ ಅವ್ವ?”

“ಕೇಳಿತ್ತು” ಎಂದೆ.

“ಅಂಗಾರೆ ನಿಮಗೆ?”

ಯಂತ್ರವನ್ನು ತಿದ್ದುವುದು ಒಂದು ಮಧ್ಯಾಹ್ನದ ಕೆಲಸ. ವೃತ್ತಿ ನನಗೆ ಕಲಿಸಿದ್ದು ಇಷ್ಟೇ. ನಾನು ಬಸ್ಸು ಹತ್ತಿದೆ.