ಮೂರನೇ ದಿನ ಬಾಯಿ ಬಿಟ್ಟವರು

1984ರಲ್ಲಿ ನಾನು ರಾಜಾಜಿನಗರದ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ಪರ್ಸನೆಲ್ ಆಫೀಸರ್ ಆಗಿದ್ದೆ. ಅಂದರೆ ಕೆಲಸಕ್ಕೆ ಜನರನ್ನು ಆರಿಸುವುದು, ಅವರ ರಜೆ, ಶಿಸ್ತು ನೋಡಿಕೊಳ್ಳುವುದು. ಆ ಜೂನ್‌ನಲ್ಲಿ ಗೇಟಿಗೆ ಒಬ್ಬ ಸೆಕ್ಯುರಿಟಿ ಗಾರ್ಡ್ ಬೇಕಾಗಿತ್ತು. ಮಾಜಿ ಸೈನಿಕರಿಗೆ ಆದ್ಯತೆ. ಸಂದರ್ಶನಕ್ಕೆ ಕೂತವರು ನಾನು ಮತ್ತು ನಮ್ಮ ಜನರಲ್ ಮ್ಯಾನೇಜರ್.

ಹೇರೋಹಳ್ಳಿಯ ನಂಜಪ್ಪನವರು ಬಂದರು. ಹದಿನೈದು ವರ್ಷದ ಸೇವೆ. ಸೈನ್ಯದಿಂದ ಬಿಡುಗಡೆಯಾದಾಗ ಕೊಟ್ಟ ಪುಸ್ತಕದಲ್ಲಿ ನಡತೆ ‘ಅತ್ಯುತ್ತಮ’ ಎಂದಿತ್ತು. ಅದನ್ನು ಕೊಡುವಾಗ ಅವರ ಬಲಗೈಯ ಮೂರು ಬೆರಳು ಮಡಚಲಿಲ್ಲ. ಏನಾಯಿತೆಂದು ಕೇಳಿದೆ.

“ಯುದ್ಧದಲ್ಲಿ ಸೆರೆ ಸಿಕ್ಕಿದ್ದೆ ಸಾರ್. ವಿಚಾರಣೇಲಿ ಮುರಿದ್ರು. ದಿನಕ್ಕೊಂದು.”

ಮ್ಯಾನೇಜರ್ ಬಿಸ್ಕತ್ತನ್ನು ಟೀಯಲ್ಲಿ ಅದ್ದುತ್ತಾ, “ಬಾಯಿ ಬಿಟ್ರಾ?” ಅಂದರು.

ಸುಳ್ಳು ಹೇಳಬಹುದಿತ್ತು. ನಂಜಪ್ಪನವರು ಹೇಳಲಿಲ್ಲ.

“ಎರಡು ದಿನ ಹೆಸರು, ನಂಬರ್ ಬಿಟ್ಟು ಏನೂ ಹೇಳಲಿಲ್ಲ. ಮೂರನೇ ದಿನ ನಮ್ಮ ತುಕಡಿ ಇದ್ದ ಜಾಗ ಹೇಳ್ದೆ. ಅಷ್ಟೊತ್ತಿಗೆ ನಮ್ಮೋರು ಅಲ್ಲಿಂದ ಹೋಗಿರ್ತಾರೆ ಅಂತ ಲೆಕ್ಕ ಹಾಕಿದ್ದೆ. ಹೋಗಿದ್ರು ಕೂಡ. ನನ್ ಜೊತೆ ಸಿಕ್ಕ ಹವಾಲ್ದಾರ್ರು ಕೊನೇವರೆಗೂ ಹೇಳಲಿಲ್ಲ, ತೀರ್ಕೊಂಡ್ರು. ಅವರು ದೊಡ್ಡೋರು ಸಾರ್. ನನ್ ಕೈಲಿ ಅಷ್ಟೇ ಆಗಿದ್ದು.”

“ಸೈನಿಕ ಅಂದ್ಮೇಲೆ ಸಾಯೋವರೆಗೂ ತಡ್ಕೋಬೇಕು,” ಎಂದರು ಮ್ಯಾನೇಜರ್. ಹಿಂದಿನ ವಾರವಷ್ಟೇ ಅವರು ಒಂದು ಹಲ್ಲು ಕೀಳಿಸಿಕೊಂಡು ನಾಲ್ಕು ದಿನ ರಜೆ ಹಾಕಿದ್ದರು. ಆ ಅರ್ಜಿ ನನ್ನ ಫೈಲಿನಲ್ಲೇ ಇತ್ತು.

ನಂಜಪ್ಪನವರು ಪುಸ್ತಕದ ಮೇಲೆ ಬಿದ್ದಿದ್ದ ಟೀ ಹನಿಗಳನ್ನು ಅಂಗಿಯ ತೋಳಿನಿಂದ ಒರೆಸಿಕೊಂಡು ಹೋದರು. ಬಾಗಿಲು ಮುಚ್ಚಿದ ಮೇಲೆ ಮ್ಯಾನೇಜರ್, “ನಂಬಿಕಸ್ಥ ಅಲ್ಲ ಅಂತ ಬರೀರಿ,” ಎಂದರು. ಮೀಸೆಗೆ ಬಿಸ್ಕತ್ತಿನ ಪುಡಿ ಅಂಟಿತ್ತು. ಅವರು ಹೇಳಿದಂತೆಯೇ ಬರೆದೆ, ರುಜು ಹಾಕಿದೆ.

ಭಾನುವಾರ ಸ್ಕೂಟರ್ ಹತ್ತಿ, ಕೆಸರು ರಸ್ತೆಯಲ್ಲಿ ಹೇರೋಹಳ್ಳಿಗೆ ಹೋದೆ. ನಂಜಪ್ಪನವರು ಜಗಲಿಯಲ್ಲಿ ಕೂರಿಸಿ ಕಾಫಿ ಕೊಟ್ಟರು. ಕೆಲಸ ಸಿಗಲಿಲ್ಲವೆಂದೂ, ‘ನಂಬಿಕಸ್ಥ ಅಲ್ಲ’ ಎಂದು ಬರೆದವನು ನಾನೇ ಎಂದೂ ಹೇಳಿದೆ.

ಅವರು, “ಬರೀದೇ ಇದ್ದಿದ್ರೆ ನಿಮಗೇನ್ ಮಾಡ್ತಿದ್ರು ಸಾರ್?” ಅಂದರು. ಮಾತಿನಲ್ಲಿ ಕೊಂಕಿರಲಿಲ್ಲ. ತಿಳಿದುಕೊಳ್ಳಬೇಕೆಂದೇ ಕೇಳಿದ್ದು.

“ಏನೂ ಮಾಡ್ತಿರಲಿಲ್ಲ,” ಅಂದೆ.

ನಿವೃತ್ತಿಯವರೆಗೂ ಸಂದರ್ಶನಗಳಲ್ಲಿ ಕೂತೆ. ಸೆರೆಸಿಕ್ಕವನು ಎಷ್ಟು ತಡೆಯಬೇಕಿತ್ತು ಎಂದು ಕೇಳುವ ಅಧಿಕಾರ ಟೀ ಕುಡಿಯುತ್ತಾ ಕೂತವರಿಗಿಲ್ಲ ಎಂಬುದನ್ನು ಮಾತ್ರ ಕಲಿತೆ. ನಂಜಪ್ಪನವರು ಎರಡು ದಿನ ತಡೆದಿದ್ದರು. ನಾನು ಪೆನ್ನಿನ ಕ್ಯಾಪ್ ತೆಗೆಯುವಷ್ಟು ಹೊತ್ತೂ ತಡೆಯಲಿಲ್ಲ.